ಶನಿವಾರದ ಎಳ್ಳನ್ನ

ಇವತ್ತು ಬೆಳಿಗ್ಗೆ ಹಿನಕಲ್‌ನ ನಮ್ಮ ಬಾಡಿಗೆ ಮನೆಯ ಕೆಳಗಡೆ ಯಾರೋ ಕರಿ ಎಳ್ಳು ಹುರಿಯುತ್ತಿದ್ದರು. ಆ ವಾಸನೆ ಮೆಟ್ಟಿಲು ಹತ್ತಿ ಬಂದದ್ದೇ ತಡ, ಬಾಯಲ್ಲಿ ನೀರೂರಿತು. ಹಿಂದೆಯೇ ಕೋಪವೂ ಬಂತು. ಒಂದೇ ವಾಸನೆಗೆ ಎರಡೂ ಬರುವುದು ನನ್ನಂಥ ಪೆದ್ದನಿಗೆ ಮಾತ್ರ ಇರಬೇಕು.

ಕೆಲವು ವರ್ಷಗಳ ಹಿಂದೆ ನಾನು ಯಾದವಗಿರಿಯಲ್ಲಿ, ಒಂದು ಬಂಗಲೆಯ ಹಿಂದಿನ ಒಂಟಿ ರೂಮಿನಲ್ಲಿದ್ದೆ. ಕಡಕೊಳದ ಫ್ಯಾಕ್ಟರಿಯೊಂದರಲ್ಲಿ ಹೊಸ ಕೆಲಸ. ಅಡುಗೆ ಅಂದರೆ ನನಗೆ ಅನ್ನ ತಳ ಹಿಡಿಸುವುದು. ಒಮ್ಮೆ ಕುಕ್ಕರಿಗೆ ನೀರೇ ಹಾಕದೆ ಒಲೆಯ ಮೇಲಿಟ್ಟು, ವಿಷಲ್ ಯಾಕೆ ಬರಲಿಲ್ಲ ಅಂತ ಅದರ ಮುಂದೆ ಕೂತು ಕಾದಿದ್ದೆ. ಹೊಗೆ ನೋಡಿ ಪಕ್ಕದ ಮನೆ ಆಂಟಿ ಓಡಿ ಬಂದರು. ಅವರಿಗೆ ಒಬ್ಬನೇ ಮಗ. ಅವನಿಗೆ ಕೆಲಸವೂ ನಿಲ್ಲದು, ಮದುವೆಯೂ ಕೂಡಿಬರದು ಎಂಬ ಚಿಂತೆ ಅವರದು.

ಆ ಶನಿವಾರ ಅವರ ಮನೆಯಿಂದ ಡಬ್ಬಿ ಬಂತು. ಎಳ್ಳನ್ನ... ಹುರಿದ ಕರಿ ಎಳ್ಳು, ಒಣಮೆಣಸಿನಕಾಯಿ ಪುಡಿ ಮಾಡಿ ಕಲಸಿದ ಅನ್ನ, ಮೇಲೆ ಕರಿಬೇವಿನ ಒಗ್ಗರಣೆ. ಡಬ್ಬಿಯನ್ನು ಎಷ್ಟು ನೆಕ್ಕಿದೆನೆಂದರೆ ತೊಳೆಯುವ ಕೆಲಸವೇ ಉಳಿಯಲಿಲ್ಲ.

ಆಮೇಲೆ ಪ್ರತಿ ಶನಿವಾರವೂ ಬಂತು. ಆಂಟಿ ಒಳಗೆ ಮಾತ್ರ ಕರೆಯುತ್ತಿರಲಿಲ್ಲ. ಗೇಟಿನಾಚೆ ನಿಲ್ಲಿಸಿ, ಎರಡೂ ಕೈಯಲ್ಲಿ ಡಬ್ಬಿ ಕೊಟ್ಟು, ತಿರುಗಿ ನೋಡದೆ ಹೋಗಿಬಿಡುತ್ತಿದ್ದರು. ಥ್ಯಾಂಕ್ಸ್ ಕೂಡ ಬೇಡವಲ್ಲ ಈ ಜೀವಕ್ಕೆ ಅಂತ ನಾನು ಕರಗಿಹೋದೆ. ಹುಟ್ಟುಹಬ್ಬಕ್ಕೆ ಕಪ್ಪು ಶರ್ಟು ಕೊಡಿಸಿದರು. "ಹೀರೋ ಥರ ಕಾಣ್ತೀಯ ಕಣೋ" ಅಂದರು. ನಂಬಿ ಅದನ್ನೇ ಹಾಕಿಕೊಂಡು ಹೆಣ್ಣು ನೋಡಲು ಹೋದೆ. ಕಾಫಿ ಇಟ್ಟು ಒಳಗೆ ಹೋದ ಹುಡುಗಿ ಬಹುಶಃ ಇನ್ನೂ ಹೊರಗೆ ಬಂದಿಲ್ಲ. ಆಮೇಲೆ ಒಂದು ಕಬ್ಬಿಣದ ಬಾಣಲಿ ಕೊಟ್ಟರು. ಅದೇ ವರ್ಷ ನಾನು ಫ್ಯಾಕ್ಟರಿಯಲ್ಲಿ ಟೀ ಲೋಟಕ್ಕೆ ಕೈಚಾಚಿ, ಮೊಣಕೈಯಿಂದ ಬಟನ್ ಒತ್ತಿ, ಇಡೀ ಲೈನನ್ನೇ ನಿಲ್ಲಿಸಿದೆ. ಬೈಕ್ ಸಮೇತ ಚರಂಡಿಗೂ ಇಳಿದೆ. ಏನಾದರೇನು, ಈ ಊರಲ್ಲಿ ಒಬ್ಬರಾದರೂ ನನ್ನಿಂದ ಏನೂ ಬಯಸದೆ ನನ್ನನ್ನು ಇಷ್ಟಪಡುತ್ತಾರಲ್ಲ ಎಂಬ ಧೈರ್ಯ ನನಗೆ.

ಒಂದು ಶನಿವಾರ ಊರಿಂದ ಅಮ್ಮ ಬಂದಳು. ಡಬ್ಬಿ ತೆಗೆದು ಮೂಸಿದಳು.

"ಯಾರ್ಲಾ ಕೊಟ್ಟಿದ್ದು ಇದ್ನ?"

"ಪಕ್ಕದ್ಮನೆ ಆಂಟಿ ಕಣಮ್ಮ. ಶನಿವಾರ ಶನಿವಾರ ಕೊಡ್ತಾರೆ. ಈ ಬಾಣ್ಲಿನೂ ಅವ್ರೇ, ಆ ಕಪ್ಪು ಶರ್ಟೂ ಅವ್ರೇ."

ಅಮ್ಮ ನೆಲದ ಮೇಲೆ ಕೂತೇಬಿಟ್ಟಳು. "ಅಯ್ಯೋ ಬೆಪ್ಪ್ ನನ್ಮಗ್ನೆ! ಶನಿ ದಾನ ಕಣ್ಲಾ ಅದು! ಅವ್ರ್ ಮನೆ ಶನಿನೆಲ್ಲ ನಿನ್ ತಲೆಮ್ಯಾಗೆ ಸುರಿತಾವ್ರೆ, ನೀನು ಬೆರಳ್ ಚೀಪ್ಕಂಡ್ ಕೂತಿದ್ದೀಯಲ್ಲೋ!"

ಎಳ್ಳು, ಕಬ್ಬಿಣ, ಕಪ್ಪು ಬಟ್ಟೆ ದಾನ ಕೊಟ್ಟರೆ ಕೊಟ್ಟವರ ಶನಿಕಾಟ ಇಸಿದುಕೊಂಡವರಿಗೆ ದಾಟುತ್ತದಂತೆ. ನಾನು ಇದನ್ನೆಲ್ಲ ನಂಬುವವನಲ್ಲ. ಚರಂಡಿಗೆ ಬೀಳಲು ನನಗೆ ಯಾವ ಗ್ರಹದ ಸಹಾಯವೂ ಬೇಕಿರಲಿಲ್ಲ. ಆದರೆ ಆಂಟಿ ನಂಬಿದ್ದರು. ನಂಬಿಕೊಂಡೇ ನನ್ನ ಕೈಗೆ ಇಟ್ಟಿದ್ದರು...

ಗೇಟಿನ ಹತ್ತಿರ ಹೋಗಿ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಸೆರಗಿನ ತುದಿ ತಿರುಚುತ್ತಾ ನಿಂತರು.

"ನಿಂಗೆ ಕೆಟ್ಟದಾಗ್ಲಿ ಅಂತಲ್ಲ ಕಣಪ್ಪ... ನನ್ ಮಗಂಗೆ ಆಗ್ದೆ ಇರ್ಲಿ ಅಂತ."

"ನಾನೂ ಒಬ್ರ ಮಗನೇ ಅಲ್ವಾ ಆಂಟಿ?"

ಅವರು ಗೇಟು ಹಾಕಿಕೊಂಡು ಒಳಗೆ ಹೋದರು.

ಮುಂದಿನ ಶನಿವಾರ ಕಿಟಕಿಯ ಹಿಂದೆ ಕೂತೆ. ಎಷ್ಟು ಕರೆದರೂ ಹೋಗಬಾರದು, ಮೂರನೇ ಸಲ ಕರೆದಾಗ ಹೀಗೆ ಹೀಗೆ ಅನ್ನಬೇಕು ಎಂದು ಡೈಲಾಗ್ ಕೂಡ ಸಿದ್ಧ ಮಾಡಿಕೊಂಡಿದ್ದೆ. ಆಂಟಿ ಡಬ್ಬಿ ಹಿಡಿದು ಹೊರಗೆ ಬಂದರು. ನನ್ನ ರೂಮಿನ ಕಡೆ ನೋಡಲೂ ಇಲ್ಲ. ನೇರವಾಗಿ ಬೀದಿಯ ಕೊನೆಯ ಬಂಗಲೆಯ ಸೆಕ್ಯೂರಿಟಿಯವನ ಹತ್ತಿರ ಹೋಗಿ ಎರಡೂ ಕೈಯಲ್ಲಿ ಕೊಟ್ಟು, ತಿರುಗಿ ನೋಡದೆ ಬಂದರು.

ನನಗೆ ಶನಿಗಿಂತ ದೊಡ್ಡ ಏಟು ಅದು. ಕಾಟ ದಾಟಿಸಲಿಕ್ಕಾದರೂ ನನ್ನನ್ನು ನೋಡಿ, ಮೆಚ್ಚಿ ಆರಿಸಿದ್ದರು ಅಂದುಕೊಂಡಿದ್ದೆ. ಅವರಿಗೆ ಬೇಕಿದ್ದದ್ದು ಒಂದು ಹೊಟ್ಟೆ. ಅದು ನನ್ನದೇ ಆಗಬೇಕೆಂದೇನೂ ಇರಲಿಲ್ಲ.

ಬೇಗನೆ ರೂಮು ಬಿಟ್ಟೆ. ಮತ್ತೆ ಆ ಕಡೆ ಹೋಗಲಿಲ್ಲ.

ಹೋದ ತಿಂಗಳು ಆಂಟಿ ತೀರಿಕೊಂಡರು. ಮಗನೇ ಫೋನ್ ಮಾಡಿ ತಿಥಿಗೆ ಕರೆದ. ಅವನಿಗೀಗ ಕೆಲಸ, ಹೆಂಡತಿ, ಮಗು ಎಲ್ಲ ಇದೆ. ನನಗೆ ಬಾಣಲಿ ಇದೆ. ಬೇಡ ಬೇಡ ಅಂದುಕೊಂಡೇ ಹೋಗಿ ಪಂಕ್ತಿಯಲ್ಲಿ ಕೂತೆ. ಅವನು ಬಗ್ಗಿ ಎಲೆಗೆ ವಡೆ ಹಾಕುತ್ತಾ ಹೇಳಿದ, "ಸಾಕು ಅನ್ಬೇಡಿ. ನೀವು ಹೊಟ್ಟೆ ತುಂಬ ಉಂಡ್ರೆ ಅಮ್ಮಂಗೆ ತೃಪ್ತಿ."

ಮತ್ತೆ ಅದೇ! ಈ ಮನೆಯವರಿಗೆ ನನ್ನ ಹೊಟ್ಟೆಯಿಂದ ಆಗಬೇಕಾದ ಕೆಲಸ ಇನ್ನೂ ಮುಗಿದಿಲ್ಲ. ಎದ್ದುಬಿಡೋಣ ಅನ್ನಿಸಿತು. ಏಳಲಿಲ್ಲ. ಇನ್ನೊಂದು ವಡೆ ಹಾಕಿಸಿಕೊಂಡೆ. ಅವರಿಗಾಗಿ ತಿಂದೆನೋ, ವಡೆ ಚೆನ್ನಾಗಿತ್ತು ಅಂತ ತಿಂದೆನೋ, ನನಗೇ ಗೊತ್ತಿಲ್ಲ... ಎದುರು ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಆಂಟಿ ಯಾರನ್ನೋ ನೋಡುತ್ತಿದ್ದರು. ನನ್ನನ್ನಲ್ಲ.

ಕ್ಷಮಿಸಬೇಕೋ ಬೇಡವೋ ಅಂತ ನಾನಿನ್ನೂ ಯೋಚನೆ ಮಾಡುತ್ತಿರುವಾಗಲೇ ಹೋಗಿಬಿಟ್ಟರಲ್ಲ. ಅದನ್ನೂ ನಾನು ಮೋಸದ ಲೆಕ್ಕಕ್ಕೇ ಸೇರಿಸಿದ್ದೇನೆ.