ಗುರಣ್ಣ ಮಾಸ್ತರರ ಮಣ್ಣೆತ್ತು
ಹೂವಿನ ಹಿಪ್ಪರಗಿಯ ಕನ್ನಡ ಸಾಲೆಯಲ್ಲಿ ಗುರಣ್ಣ ಮಾಸ್ತರರು ಒಂದನೆಯ ಇಯತ್ತೆಗೆ ಕಲಿಸುತ್ತಿದ್ದರು. ಧೋತರಕ್ಕೆ ಸದಾ ಸುಣ್ಣದ ಪುಡಿ, ಬಾಯಲ್ಲಿ ಅಡಿಕೆ. ಧಾರವಾಡದಲ್ಲಿ ಓದಿ ಬಂದ ನನ್ನ ಕಣ್ಣಿಗೆ ಅವರು ಮಾಸ್ತರರಂತೆ ಕಾಣುತ್ತಲೇ ಇರಲಿಲ್ಲ. ಆದರೆ ಅರವತ್ತೆರಡರ ಜೂನಿನಲ್ಲಿ ನನ್ನ ಮಗಳು ಸಗೀರಾ ಸಾಲೆಯಲ್ಲಿ ತುಟಿ ಬಿಚ್ಚದಾದಾಗ ಅವರನ್ನೇ ನಂಬಬೇಕಾಯಿತು.

ಮನೆಯಲ್ಲಿ ಪಟಪಟ ಮಾತಾಡುವವಳು ಅಲ್ಲಿ ಹೆಸರು ಕೂಗಿದರೂ ಓಗೊಡುತ್ತಿರಲಿಲ್ಲ. "ಮೂಕಿ ಇದ್ರ ಹೆಸರು ತೆಗಸ್ರಿ" ಎಂದು ಹೆಡ್ ಮಾಸ್ತರರು ಹೇಳಿಕಳಿಸಿದ್ದರು. ಬಸುರಿಯಾಗಿದ್ದ ನನಗೆ, ಮಗಳಿಗೆ ತಲೆ ಕೆಟ್ಟಿತೋ, ಕಿವಿ ಹೋಯಿತೋ ಎಂಬ ಹೆದರಿಕೆಯಲ್ಲಿ ತುತ್ತು ಗಂಟಲಿಗಿಳಿಯುತ್ತಿರಲಿಲ್ಲ. ಅತ್ತೆ ದಾವಲಬಿ ತಾಯಿತ ಕಟ್ಟಿದರು.

"ಅಮಾಸಿ ತನಕ ತಡೀರಿ. ಆಗ ನೀವೂ ಬಂದು ನೋಡ್ರಿ," ಎಂದರು ಗುರಣ್ಣ ಮಾಸ್ತರರು.

ಮಣ್ಣೆತ್ತಿನ ಅಮಾವಾಸ್ಯೆಯ ಮುನ್ನಾದಿನ ಅವರು ಎರೆಮಣ್ಣು ತರಿಸಿ ಎಲ್ಲ ಮಕ್ಕಳಿಂದ ಎತ್ತು ಮಾಡಿಸುತ್ತಿದ್ದರು. ಆಮೇಲೆ ಒಬ್ಬೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎತ್ತಿನ ಯೋಗಕ್ಷೇಮ ಕೇಳುವುದು ಅವರ ರೂಢಿ. ಮೇಯುತ್ತದೆಯೇ? ನಿದ್ದೆ ಮಾಡುತ್ತದೆಯೇ? ಯಾರಿಗೆ ಅಂಜುತ್ತದೆ? ತಮ್ಮ ಬಗ್ಗೆ ಬಾಯಿಬಿಡದ ಮಕ್ಕಳು ಎತ್ತಿನ ಬಗ್ಗೆ ಎಲ್ಲವನ್ನೂ ಹೇಳಿಬಿಡುತ್ತಿದ್ದರು.

ಆ ಸಲ ಸಗೀರಾಳ ಎತ್ತು ಕತ್ತು ಹೊರಳಿಸಿ ಹಿಂದೆ ನೋಡುತ್ತಿತ್ತು.

"ಯಾಕಲೇ ಎತ್ತಪ್ಪಾ, ಹಿಂದ ಏನ್ ನೋಡಾಕತ್ತಿ?" ಮಾಸ್ತರರು ಎತ್ತನ್ನೇ ಕೇಳಿದರು.

ಸಗೀರಾ ಅದರ ಒಂದು ಕಿವಿ ತಿದ್ದಿದಳು, ಇನ್ನೊಂದನ್ನೂ ತಿದ್ದಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಮನ್ಯಾಗ ಅದರ ಅವ್ವ ಐತ್ರಿ. ಹಡಿಯೂಮುಂದ ಸಾಯತೈತಂತ. ಬಾಜೂಮನಿ ಪೀರಬಿ ಕಾಕಿ ಅಂದ್ಲು."

"ಮತ್ತ ಒದರೂದಿಲ್ಲೇನು ಇದು?"

"ಇಲ್ರಿ. ಒದರಿದ್ರ ಅವ್ವ ಕರದದ್ದು ಕೇಳೂದಿಲ್ಲ."

ಒಳಗೆ ನುಗ್ಗಲಿದ್ದ ನನ್ನನ್ನು ಮಾಸ್ತರರು ಕೈಯೆತ್ತಿ ತಡೆದರು. "ಹಂಗಾರ ಸಣ್ಣ ಸೂಟಿ ಬಿಟ್ಟಾಗ ಎತ್ತು ಮನೀಗ್ ಹೋಗಿ ಅವ್ವನ್ನ ನೋಡಿ ಬರ್ಲಿ," ಎಂದು ಅವಳಿಗೆ ಹೇಳಿ, ನನ್ನತ್ತ ತಿರುಗಿದರು. "ನೀವ್ ಕಟ್ಟೀಮ್ಯಾಲ ಕುಂತು ಏನಾರ ತಿನ್ಕೋತ ಇರ್ರಿ. ಅಳಕೋತ ಅಲ್ಲ ಮತ್ತ, ತಿನ್ಕೋತ!"

ಅಂದಿನಿಂದ ಸಣ್ಣ ವಿರಾಮ ಸಿಕ್ಕಾಗಲೆಲ್ಲ ಸಗೀರಾ ಮನೆಗೆ ಓಡಿ ಬರುವಳು, ನಾನು ತಿನ್ನುವುದನ್ನು ನೋಡುವಳು, ಓಡಿ ಹೋಗುವಳು. ಮೆಲ್ಲಗೆ ಹೆಸರಿಗೆ ಓಗೊಡತೊಡಗಿದಳು. ಹೆಸರು ತೆಗೆಯುವ ಮಾತನ್ನು ಹೆಡ್ ಮಾಸ್ತರರೂ ಬಿಟ್ಟರು.

ಒಂದು ದಿನ ಅವಳು ಬರಲೇ ಇಲ್ಲ. ಏದುಸಿರು ಬಿಡುತ್ತ ಸಾಲೆಗೆ ಹೋದರೆ, ಅಂಗಳದ ಕುಂಟಾಟದ ಗೆರೆಯ ಮೇಲೆ ನಿಂತು ಸಗೀರಾ ಗೆಳತಿಗೆ ಗದರುತ್ತಿದ್ದಳು: "ಗೆರಿ ತುಳದೀದಿ! ಸುಳ್ಳಬುರುಕಿ! ಈಗ ನಂದ್ ಪಾಳಿ!"

"ಬರ್ರಿ ಬರ್ರಿ," ಮಾಸ್ತರರು ನಕ್ಕರು, "ಇವತ್ತ ನಿಮ್ಮ ಹೆಸರು ಹಚ್ಚಲೇನ್ರಿ ಸಾಲಿಗೆ?"

ಸಗೀರಾ ಒಂಟಿಕಾಲಲ್ಲೇ ಹೊರಳಿ ನನ್ನನ್ನು ಕಂಡಳು.

"ಅವ್ವಾ, ಮನೀಗ್ ಹೋಗ! ಆಮ್ಯಾಲ ಬರ್ತೇನಿ!"