ಬಲಕ್ಕೆ ಬಡಿಯುವ ಎದೆ

ಹುಟ್ಟಿದಾಗಿನಿಂದ ನನಗೆ ಕೆಮ್ಮು. ಉಜ್ಜಿನಿಯ ತವರಿನಲ್ಲಿ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಸದಾ ಸೋರುವ ಮೂಗು, ಕೀವಾಗುವ ಕಿವಿ, ಬೆಳಗಾದರೆ ಬಾಯಿ ತುಂಬ ಕಫ. ಥಂಡಿ ಮೈ ಎಂದು ಅವ್ವ ಮಾತು ಮುಗಿಸುತ್ತಿದ್ದಳು.

ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಮೇಲೆ ಅದೇ ಕೆಮ್ಮಿಗೆ ಬೇರೆ ಅರ್ಥ ಬಂತು. ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟರು. ಕ್ಷಯ ಮುಚ್ಚಿಟ್ಟು ಹೆಣ್ಣು ಕೊಟ್ಟಿದ್ದಾರೆಂದು ಅವರು ನೆರೆಮನೆಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಕೆಮ್ಮಿದಾಗಲೆಲ್ಲ ಗಂಡ ನನ್ನ ಕರವಸ್ತ್ರದ ಕಡೆ ಓರೆಗಣ್ಣಿನಿಂದ ನೋಡುತ್ತಿದ್ದರು.

ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಒಬ್ಬ ವೈದ್ಯರು ಅನುಮಾನದ ಮೇಲೆಯೇ ಕ್ಷಯದ ಗುಳಿಗೆ ಶುರು ಮಾಡಿದರು. ಎಲ್ಲ ನುಂಗಿ ಮುಗಿಸಿದರೂ ಕೆಮ್ಮು ಹೋಗಲಿಲ್ಲ. ನಾನು ಗುಳಿಗೆ ಕದ್ದು ಎಸೆದಿದ್ದೇನೆಂದು ಅತ್ತೆಗೆ ಹೊಸ ಸಂಶಯ. ಗುಳಿಗೆಗೆ ಮೊದಲು ಎದೆಯ ಎಕ್ಸರೇ ತೆಗೆದವನು ಚಿತ್ರ ಉಲ್ಟಾ ಬಂದಿದೆಯೆಂದು ಎಡಬಲದ ಗುರುತನ್ನೇ ಬದಲಿಸಿ ಕೊಟ್ಟಿದ್ದ.

ಕೊನೆಗೆ ದಾವಣಗೆರೆಗೆ ಹೋದೆವು. ಅವ್ವನೂ ಬಂದಳು. ಏನು ಹೇಳುತ್ತಾರೋ ಸ್ವಂತ ಕಿವಿಯಲ್ಲಿ ಕೇಳಬೇಕೆಂದು ಅತ್ತೆಯೂ ಬಂದರು. ಅಲ್ಲಿನ ವೈದ್ಯೆ ನನ್ನ ಎದೆಯ ಎಡಕ್ಕೆ ಸ್ಟೆತಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. ಬಲಕ್ಕೆ ಸರಿಸಿ ಬಹಳ ಹೊತ್ತು ಕೇಳಿದರು. ಹಳೆಯ ಎಕ್ಸರೇ ಪಕ್ಕಕ್ಕಿಟ್ಟು, ತಾವೇ ಹತ್ತಿರ ನಿಂತು ಇನ್ನೊಂದು ತೆಗೆಸಿದರು. ನನ್ನ ಹೃದಯ ಬಲಕ್ಕಿತ್ತು.

ಆಮೇಲೆ ಅವ್ವನ ಕಡೆ ತಿರುಗಿ, ಅವಳದೂ ಅಪ್ಪನದೂ ಸಂಬಂಧದಲ್ಲೇ ಆದ ಮದುವೆಯೇ ಎಂದು ಕೇಳಿದರು.

“ಅದನ್ನ ಯಾಕ ಕೇಳ್ತೀರಿ?” ಅವ್ವನ ಮುಖ ಬಿಗಿಯಾಯಿತು. ಬೀಗಿತಿಯ ಮುಂದೆ ತನ್ನ ಮೇಲೇ ತಪ್ಪು ಹೊರಿಸುತ್ತಾರೆಂದು ಅವಳ ಭಯ. ಅಪ್ಪ ಅವಳ ಸ್ವಂತ ಸೋದರಮಾವ.

ಶ್ವಾಸನಾಳದ ಒಳಗೆ ಕಫವನ್ನು ಮೇಲೆ ತಳ್ಳುವ ಸಣ್ಣ ಕೂದಲುಗಳಿರುತ್ತವೆ, ನನ್ನಲ್ಲಿ ಅವು ಹುಟ್ಟಿನಿಂದಲೇ ಸರಿಯಾಗಿ ಆಡುವುದಿಲ್ಲ ಎಂದು ವೈದ್ಯೆ ವಿವರಿಸಿದರು. ಬಸಿರಿನಲ್ಲಿ ಹೃದಯ ಎಡಕ್ಕೆ ಸೇರುವುದಕ್ಕೂ ಅಂಥವೇ ಕೂದಲು ಆಡಬೇಕು, ನನ್ನದು ಬಲಕ್ಕೆ ಬಂದದ್ದು ಅದಕ್ಕೇ. ತಂದೆತಾಯಿ ಇಬ್ಬರಿಂದಲೂ ಅದೇ ದೋಷ ಬಂದರೆ ಮಾತ್ರ ಈ ಕಾಯಿಲೆ, ಸಂಬಂಧದಲ್ಲಿ ಮದುವೆಯಾದರೆ ಆ ಸಾಧ್ಯತೆ ಹೆಚ್ಚು. ಅದು ಅಂಟುವುದಿಲ್ಲ. ಖಾತ್ರಿಗೆಂದು ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಅವರ ಊಹೆ ನಿಜವಾಯಿತು.

ಅತ್ತೆಗೆ ಅದೂ ಸಾಲಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕೂರಿಸಿ ಎದೆಯ ಮೇಲೆ ಅಂಗೈ ಇಟ್ಟರು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.

“ಖರೇನ ಈ ಕಡೀನ ಐತಿ,” ಎಂದರು. ಕೈ ತಕ್ಷಣ ತೆಗೆಯಲಿಲ್ಲ. ಅಂದು ಸಂಜೆ ನೆರೆಮನೆಗೆ ಹೋಗಿ, ಸೊಸೆಗಿರುವುದು ಕ್ಷಯವಲ್ಲವೆಂದು ತಾವೇ ಹೇಳಿ ಬಂದರು.

ಈಗ ದಿನಾ ಬೆಳಿಗ್ಗೆ ನಾನು ತಲೆ ತಗ್ಗಿನಲ್ಲಿಟ್ಟು ಬೋರಲು ಮಲಗುತ್ತೇನೆ, ಗಂಡ ಬೆನ್ನು ತಟ್ಟಿ ಕಫ ಸಡಿಲಿಸುತ್ತಾರೆ. ಕೆಮ್ಮು ಹೋಗಿಲ್ಲ, ಉಸಿರು ಹಗುರಾಗಿದೆ. ಅವ್ವ ಮಾತ್ರ ಇನ್ನೂ ನಂಬಿಲ್ಲ. ಫೋನ್ ಮಾಡಿದಾಗೊಮ್ಮೆ ಕೇಳುತ್ತಾಳೆ:

“ಊರಾಗ ಎಷ್ಟು ಮಂದಿ ಸೋದರಮಾವನ್ನ ಮಾಡ್ಕೊಂಡಾರ. ಅವರ ಮಕ್ಕಳಿಗೆಲ್ಲ ಯಾಕ ಬಂದಿಲ್ಲ?”

ಇಬ್ಬರಲ್ಲೂ ಅದೇ ದೋಷ ಇದ್ದರೆ ಮಾತ್ರ, ಆಗಲೂ ಎಲ್ಲ ಮಕ್ಕಳಿಗೂ ಅಲ್ಲ ಎಂದು ವೈದ್ಯೆ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಅವಳು ಹೂಂ ಎನ್ನುತ್ತಾಳೆ. ಆ ಹೂಂನಲ್ಲಿ ಒಪ್ಪಿಗೆ ಇರುವುದಿಲ್ಲ.