ತಪ್ಪು ನಮ್ಮದು ಎಂದವಳು

ರುದ್ರಾಣಿ ಧಾರವಾಡದವಳು. ಸಿಡ್ನಿಗೆ ಬರುವ ಮೊದಲು ಒಂಬತ್ತು ವರ್ಷ ಜಪಾನಿನ ನಗೋಯಾದಲ್ಲಿ, ವೈದ್ಯಕೀಯ ಉಪಕರಣಗಳ ಕಾರ್ಖಾನೆಯಲ್ಲಿ ದುಡಿದಿದ್ದಳು. ಅಲ್ಲಿ ಒಮ್ಮೆ ಅವಳ ಕೈತಪ್ಪಿನಿಂದ ಇಡೀ ದಿನದ ಮಾಲು ಹಾಳಾದಾಗ, ಮೇಲಧಿಕಾರಿ ಮೊರಿಶಿಮಾ ಎಲ್ಲರ ಮುಂದೆ ಸೊಂಟ ಬಗ್ಗಿಸಿ ತಾವೇ ಕ್ಷಮೆ ಕೇಳಿದ್ದರು. ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಮರುದಿನ ಎಲ್ಲರೂ ಕೂತು ತಪ್ಪು ಹೇಗಾಯಿತೆಂದು ಹುಡುಕಿದರು, ಅಷ್ಟೇ. ತಂಡವೆಂದರೆ ಹೀಗಿರಬೇಕು ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಸಿಡ್ನಿಯ ನಾರ್ವೆಸ್ಟ್ ಬಡಾವಣೆಯ ಕಂಪನಿಯೊಂದರಲ್ಲಿ ಅವಳು ನಾಲ್ವರ ತಂಡಕ್ಕೆ ಲೀಡ್ ಆಗಿದ್ದಳು. ಹೋದ ಮಾರ್ಚ್‌ನಲ್ಲಿ, ಸಕ್ಕರೆ ಕಾಯಿಲೆಯವರು ರಕ್ತ ಪರೀಕ್ಷಿಸಿಕೊಳ್ಳುವ ಸ್ಟ್ರಿಪ್‌ಗಳ ಪೆಟ್ಟಿಗೆಗಳು ತಪ್ಪು ತಾರೀಖಿನ ಲೇಬಲ್ ಹೊತ್ತು ಹೊರಟುಹೋದವು. ಲೇಬಲ್ ಪರಿಶೀಲಿಸಬೇಕಿದ್ದವಳು ತಂಡದ ವಿಜೇತಾ, ಉಡುಪಿ ಕಡೆಯ ಹುಡುಗಿ, ಸೇರಿ ಏಳೇ ತಿಂಗಳು. ಮೀಟಿಂಗ್‌ನಲ್ಲಿ ಆಕೆಯ ಮುಖ ಬಿಳಿಚಿದ್ದನ್ನು ಕಂಡು ರುದ್ರಾಣಿ ಎದ್ದು ತಲೆಬಾಗಿದಳು.

"ತಪ್ಪು ನಮ್ಮದು. ಜವಾಬ್ದಾರಿ ನನ್ನದು."

"ಸರಿಯಾಗಿ ಹೇಳಿ," ಎಂದ ಮ್ಯಾನೇಜರ್. "ನೀವಾ, ಬೇರೆಯವರಾ?"

"ಜವಾಬ್ದಾರಿ ನನ್ನದು."

ಅವನು ಬರೆದುಕೊಂಡ. ವಿಜೇತಾ ಬಾಯಿ ಬಿಡಲಿಲ್ಲ. ಈ ದೇಶದಲ್ಲಿ ಕಾಯಂ ನೆಲೆಸಲು ಆಕೆ ಹಾಕಿದ್ದ ಪಿಆರ್ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಶುಕ್ರವಾರ ರುದ್ರಾಣಿಯನ್ನು ಕೆಲಸದಿಂದ ತೆಗೆದರು. ಪತ್ರದಲ್ಲಿ 'ತಪ್ಪೊಪ್ಪಿಕೊಂಡಿದ್ದಾರೆ' ಎಂದಿತ್ತು. ಆರು ತಿಂಗಳೊಳಗೆ ಬೇರೆ ಕಂಪನಿ ವೀಸಾಗೆ ಸ್ಪಾನ್ಸರ್ ಮಾಡದಿದ್ದರೆ ದೇಶ ಬಿಡಬೇಕು.

ಐದು ತಿಂಗಳು, ಹನ್ನೊಂದು ಇಂಟರ್‌ವ್ಯೂ. "ನೀವೊಬ್ಬರೇ ಏನು ಸಾಧಿಸಿದ್ದೀರಿ?" ಎಂದರೆ ಅವಳ ಬಾಯಿಗೆ 'ನಾವು' ಎಂದೇ ಬರುತ್ತಿತ್ತು. ಹಿಂದಿನ ಕೆಲಸ ಯಾಕೆ ಹೋಯಿತೆಂದು ಕೇಳಿದರೆ 'ಜವಾಬ್ದಾರಿ ನನ್ನದಾಗಿತ್ತು' ಎಂದಷ್ಟೇ ಹೇಳುತ್ತಿದ್ದಳು. ಊಟ ಸೇರದೆ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

"ಇನ್ನೂ ಯಾರನ್ನ ಕಾಯಾಕತ್ತೀ?" ಗಂಡ ಲಕ್ಷ್ಮೀಶನ ದನಿ ಒಡೆಯಿತು. "ಆಕಿ ಹೆಸರು ಹೇಳಿಬಿಡು. ಇದು ಜಪಾನ್ ಅಲ್ಲ. ಇಲ್ಲೆ ಅವರವರದು ಅವರವರಿಗೆ."

ಮೆಲ್ಬರ್ನ್‌ನ ಇಂಟರ್‌ವ್ಯೂನಲ್ಲಿ ಹೇಳಿಬಿಟ್ಟಳು. ವಿಜೇತಾಳ ಹೆಸರು, ದಿನ, ತಾನು ತಪ್ಪು ಹೊತ್ತುಕೊಂಡದ್ದು, ಎಲ್ಲ.

ಎದುರಿಗಿದ್ದ ಹೆಂಗಸು ಪೆನ್ನು ಕೆಳಗಿಟ್ಟಳು. "ಹಾಗಾದರೆ ಅವತ್ತು ಸುಳ್ಳು ಹೇಳಿದಿರಾ?"

ರುದ್ರಾಣಿ ನಗೋಯಾದ ವಿಷಯ ಹೇಳಹೊರಟು ಎರಡು ವಾಕ್ಯಕ್ಕೇ ನಿಲ್ಲಿಸಿದಳು. ಆ ಹೆಂಗಸು ಗಡಿಯಾರ ನೋಡುತ್ತಿದ್ದಳು.

ಏರ್‌ಪೋರ್ಟ್ ತಲುಪುವಷ್ಟರಲ್ಲಿ 'ಇಲ್ಲ' ಎಂಬ ಇಮೇಲ್ ಬಂದಿತ್ತು. ಹಿಂದೆಯೇ ವಿಜೇತಾಳ ಮೆಸೇಜ್: "ಅಕ್ಕಾ, ಹೇಗಾಯ್ತು? ನಿಮಗೆ ಸಿಗ್ಲೇಬೇಕು ಅಂತ ದೇವರಲ್ಲಿ ಕೇಳ್ಕೊಂಡಿದ್ದೇನೆ."

ರುದ್ರಾಣಿ ಉತ್ತರ ಬರೆಯತೊಡಗಿ ಅಳಿಸಿದಳು, ಮತ್ತೆ ಬರೆದು ಮತ್ತೆ ಅಳಿಸಿದಳು. ಸಿಡ್ನಿ ವಿಮಾನಕ್ಕೆ ಎರಡನೇ ಸಲ ಕರೆದಾಗಲೂ ಅವಳು ಕುರ್ಚಿಯಿಂದ ಏಳಲಿಲ್ಲ.